ಆರಾಮದ ದಿನಗಳು

ಔಷಧಿ ತೆಗೆದುಕೊಂಡರೆ ಕಾಯಿಲೆ ಇಳಿಯಬೇಕೋ ಏರಬೇಕೋ? ಸಣ್ಣ ಮಕ್ಕಳನ್ನು ಕೇಳಿದರೂ ಹೇಳಿಯಾರು. ಆದರೆ ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಕಚೇರಿಯ ಕಂಪ್ಯೂಟರ್ ಮಾತ್ರ ಉಲ್ಟಾ ಹೇಳುತ್ತಿತ್ತು. ಹರಿಹರದ ದಮ್ಮು ರೋಗಿಗಳು ಮೊದಲು ತಿಂಗಳಿಗೆ ನಾಲ್ಕು ದಿನ ಮಲಗುತ್ತಿದ್ದರಂತೆ. ಬಾಯಿಗಿಟ್ಟು ಎಳೆಯುವ ಪಂಪು ಪುಕ್ಕಟೆ ಕೊಟ್ಟ ಮೇಲೆ ಇಪ್ಪತ್ತಾರು ದಿನ!

ಅದು ತೊಂಬತ್ತೆಂಟನೇ ಇಸವಿ. ಯಾವ ಚಿಕಿತ್ಸೆಗೆ ಮೊದಲು ಹಣ ಕೊಡಬೇಕೆಂದು ದಿಲ್ಲಿಯವರು ಪಟ್ಟಿ ಕೇಳಿದ್ದರು; ರಾಜ್ಯದ ಎಲ್ಲ ಕಡೆಯ ಲೆಕ್ಕ ಈ ಕಚೇರಿಗೇ ಬರುತ್ತಿತ್ತು. ನೂರು ರೂಪಾಯಿ ಖರ್ಚಿಗೆ ಹಾಸಿಗೆ ಹಿಡಿಯುವ ದಿನ ಎಷ್ಟು ತಪ್ಪುತ್ತದೆ ಎಂಬುದೇ ಲೆಕ್ಕ. ಮೊದಲ ಐದಕ್ಕೆ ಹಣ, ಉಳಿದದ್ದೆಲ್ಲ ಮುಂದಿನ ತಿಂಗಳಿಂದ ಬಂದ್. ದಮ್ಮಿನ ಪಂಪು ಕಟ್ಟಕಡೆಯಲ್ಲಿ ಬಿದ್ದಿತ್ತು.

“ಪಂಪು ತೆಗೆದುಹಾಕಿ ಕೈತೊಳ್ಕೊಳ್ರಿ. ನಾಡಿದ್ದು ಪಟ್ಟಿ ಹೋಗ್ಬೇಕು” ಎಂದರು ಮೇಲಧಿಕಾರಿ ನಾಗಭೂಷಣ್.

ಕೈತೊಳೆದುಕೊಳ್ಳುವ ಹುಡುಗಿಯಲ್ಲ ಸುಧಾ. ಮಂಡ್ಯದಿಂದ ಈ ಕಚೇರಿಯ ಲೆಕ್ಕದ ಕೆಲಸಕ್ಕೆ ಬಂದು ಮೂರು ತಿಂಗಳಾಗಿತ್ತು. ಒಂದು ಅಂಕಿ ತಾಳೆಯಾಗದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ರೋಗಿಗಳನ್ನು ಕೇಳಿ ತುಂಬಿಸಿದ್ದ ನಮೂನೆಗಳ ಕಟ್ಟು ಹಿಡಿದು ಹರಿಹರದ ಬಸ್ಸು ಹತ್ತಿದಳು.

ಮೊದಲ ಹೆಸರು ದ್ಯಾಮವ್ವನದು. ಇಪ್ಪತ್ತು ವರ್ಷ ಹತ್ತಿ ಗಿರಣಿಯಲ್ಲಿ ದುಡಿದು ಉಸಿರು ಕೆಡಿಸಿಕೊಂಡಿದ್ದ ಮುದುಕಿ. ಹಾಸಿಗೆಯಲ್ಲಿರಬೇಕಾದವಳು ಅಂಗಳದಲ್ಲಿ ಜೋಳ ಕೇರುತ್ತ ಕೂತಿದ್ದಳು!

“ಬಾರವ್ವಾ. ಆರಾಮ ಇದೀಯಾ?”

“ಆರಾಮ ಎಲ್ಲಿಂದ ಬರ್ಬೇಕಮ್ಮ! ನಮ್ಮ ಸಾಹೇಬ್ರು ಬಿಟ್ರೆ ತಾನೆ?”

ದ್ಯಾಮವ್ವ ಮೊರ ಕೆಳಗಿಟ್ಟು ಗಾಬರಿಯಿಂದ ಅವಳ ಹಣೆ ಮುಟ್ಟಿದಳು. “ಯಾಕ ತಾಯಿ, ಏನಾಗೈತೆ? ಜ್ವರ ಏನು?”

“ಜ್ವರ ಏನಿಲ್ಲಮ್ಮ, ಕೆಲಸ ಜಾಸ್ತಿ, ಅಷ್ಟೇ.”

“ಮತ್ತೆ ಆರಾಮಿಲ್ಲ ಅಂದ್ಯಲ್ಲ?”

ಸುಧಾ ತಟ್ಟನೆ ನಮೂನೆಗಳ ಕಟ್ಟು ಬಿಚ್ಚಿದಳು. ಒಂದನ್ನು ಬಿಡಿಸಿ ಮೂರನೇ ಪ್ರಶ್ನೆ ಓದಿದಳು: ಕಳೆದ ತಿಂಗಳು ಎಷ್ಟು ದಿನ ಆರಾಮದಲ್ಲಿದ್ದಿರಿ? ಬೆಂಗಳೂರಿನಲ್ಲಿ ಕೂತು ಬರೆದವನಿಗೆ ಆರಾಮ ಎಂದರೆ ಕೆಲಸ ಬಿಟ್ಟು ಮಲಗುವುದು. ಹರಿಹರದವರಿಗೆ ಆರಾಮ ಎಂದರೆ ಮೈ ಗಟ್ಟಿಯಾಗಿರುವುದು. ಅಯ್ಯೋ ದೇವರೇ! ನಾಲ್ಕು ದಿನ ಚೆನ್ನಾಗಿದ್ದವರು ಪಂಪು ಬಂದ ಮೇಲೆ ಇಪ್ಪತ್ತಾರು ದಿನ ಚೆನ್ನಾಗಿದ್ದಾರೆ! ಅವಳಿಗೆ ನಗು ಬಂತು, ಸಿಟ್ಟೂ ಬಂತು.

ಅಂದು ಸಂಜೆಯೊಳಗೆ ಇನ್ನೂ ಹನ್ನೊಂದು ಮನೆ ತಿರುಗಿ ಖಾತ್ರಿ ಮಾಡಿಕೊಂಡಳು. ಮರುದಿನ ಲೆಕ್ಕ ತಿದ್ದಿದಾಗ ದಮ್ಮಿನ ಪಂಪು ಎರಡನೇ ಸ್ಥಾನಕ್ಕೆ ಏರಿತು. ನಾಗಭೂಷಣ್ ತಲೆ ಕೆರೆದುಕೊಂಡು ಸಹಿ ಹಾಕಿದರು, ಪಟ್ಟಿ ದಿಲ್ಲಿಗೆ ಹೋಯಿತು.

ಭಾನುವಾರ ಸುಧಾ ತಾನಾಗಿಯೇ ಹರಿಹರಕ್ಕೆ ಓಡಿದಳು. “ನಿಮ್ಮ ಪಂಪು ನಿಲ್ಲಲ್ಲಮ್ಮ!”

ದ್ಯಾಮವ್ವನ ಕಣ್ಣು ತುಂಬಿತು. ಸುಧಾಳ ಕೈಗೆ ಬೆಲ್ಲದ ಚೂರಿಟ್ಟಳು. ಆಮೇಲೆ ಕೇಳಿದಳು: “ಐದೇ ಜಾಗ ಅಂದಿದ್ದಿ. ನಾವು ಒಳಗೆ ಬಂದ್ರೆ ಹೊರಗೆ ಹೋದೋರು ಯಾರವ್ವಾ?”

“ಮೂರ್ಛೆ ರೋಗದವರು. ಅವರ ಮಾತ್ರೆ ನಿಲ್ಲುತ್ತೆ. ಆ ಲೆಕ್ಕ ಕೋಲಾರದ ಕಡೆಯಿಂದ ಬಂದದ್ದು.”

“ಅವರ ಮಾತಿನಾಗೆ ಆರಾಮ ಅಂದ್ರೆ ಹೆಂಗೋ ಏನೋ. ಹೋಗಿ ಕೇಳಿದ್ಯಾ?”

ಬಾಯಿಗೆ ಒಯ್ದ ಬೆಲ್ಲವನ್ನು ಸುಧಾ ಕೆಳಗಿಳಿಸಿದಳು.

“ಇಲ್ಲಮ್ಮ” ಎಂದಳು.