ನಾನು ಕದ್ದ ಇಪ್ಪತ್ತು ನಿಮಿಷ

ನಾನೊಂದು ಮೇಜು. ಅಪ್ಪಟ ಸಾಗುವಾನಿ. ಉದ್ದ ಆರಡಿ, ಅಗಲ ಮೂರಡಿ. ಬೈಲಹೊಂಗಲದ ಬಡಿಗೇರ ಮೌನೇಶಪ್ಪ ನನ್ನನ್ನು ಜೋಡಿಸಿ, ಮೈಯೆಲ್ಲ ಉಜ್ಜಿ, "ಇದರ ಮ್ಯಾಲೆ ರೇಶ್ಮಿ ಹಾಸಿದ್ರ ಜಾರಿ ಬೀಳಬೇಕು, ಅಷ್ಟ ನುಣುಪ ಆಗೇತಿ" ಎಂದ. ಆ ಮಾತು ನನ್ನ ತಲೆಗೇರಿತು. ನನ್ನ ಕೇಡು ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ಮೊದಲು ನಾನು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿದ್ದೆ. ಮದುವೆ ಸೀರೆಗಳು ನನ್ನ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ಆ ಅಂಗಡಿ ಮುಚ್ಚಿದಾಗ ಏಕನಾಥ ಮಾಸ್ತರ ನನ್ನನ್ನು ಕೊಂಡರು. ಮಾಸ್ತರ ಎಂದರೆ ನಮ್ಮ ಕಡೆ ದರ್ಜಿ. ಬಟ್ಟೆ ಕತ್ತರಿಸಲು ಅವರಿಗೊಂದು ಉದ್ದನೆಯ ಮೇಜು ಬೇಕಾಗಿತ್ತು. ಮಲಗಲಿಕ್ಕೂ ಬೇಕಾಗಿತ್ತು ಎಂಬುದು ನನಗೆ ಮೊದಲ ಮಧ್ಯಾಹ್ನವೇ ಗೊತ್ತಾಯಿತು.

ಮಾಸ್ತರರದು ಒಂದು ಕಟ್ಟುನಿಟ್ಟು. ಬೆಳಿಗ್ಗೆಯಿಂದ ಹೊಲಿಗೆ. ಊಟವಾದ ಮೇಲೆ ನನ್ನ ಮೇಲೆ ಒಂದು ಜೊಂಪು. ಆಮೇಲಷ್ಟೇ ಕತ್ತರಿ. "ಉಂಡ ಕಣ್ಣಿಗಿ ಕತ್ತರಿ ಕೊಡಬಾರದು. ಹೊಲಿಗಿ ತಪ್ಪಿದ್ರ ಬಿಚ್ಚಬಹುದು, ಕತ್ತರಿಸಿದ್ದ ಕೂಡೂದಿಲ್ಲ" ಎನ್ನುತ್ತಿದ್ದರು. ತುಂಡುಬಟ್ಟೆಯ ಗಂಟು ತಲೆಗಿಟ್ಟರೆ ಸರಿಯಾಗಿ ಇಪ್ಪತ್ತು ನಿಮಿಷ. ಎದುರಿನ ಚಹಾದಂಗಡಿಯವನು ಸ್ಟೋವಿಗೆ ಪಂಪು ಹೊಡೆಯುವ ಸದ್ದಿಗೆ ಎದ್ದು ಕೂತುಬಿಡುತ್ತಿದ್ದರು. ಎದ್ದ ಮನುಷ್ಯ ಬೇರೆಯೇ. ಬೆಳಗಿನಿಂದ ಬಗ್ಗಿ ಬಗ್ಗಿ ಬಿಗಿದ ಹೆಗಲು ಸಡಿಲಾಗಿರುತ್ತಿತ್ತು. ಊಟಕ್ಕೆ ಮೊದಲು ಹೆಂಡತಿ ರುಕ್ಮಾಬಾಯಿಯ ಮೇಲೆ ಸಿಡುಕಿದವರು ಈಗ ಅಭಂಗ ಗುನುಗುತ್ತಿದ್ದರು. ಸೀಮೆಸುಣ್ಣದ ಗೆರೆ ಎಲ್ಲೂ ನಡುಗುತ್ತಿರಲಿಲ್ಲ. ಹನ್ನೆರಡು ವರ್ಷ ಅವರ ಕತ್ತರಿ ಒಮ್ಮೆಯೂ ತಪ್ಪಲಿಲ್ಲ.

ನನಗೆ ಮಾತ್ರ ಒಳಗೊಳಗೇ ಅವಮಾನ. ರೇಷ್ಮೆ ಹೊತ್ತ ಮೈಮೇಲೆ ಗೊರಕೆ! ಅದರಲ್ಲೂ ಒಮ್ಮೆ ಯಾವನೋ ಗಿರಾಕಿ ಬಾಗಿಲಲ್ಲಿ ನಿಂತು, "ಇದೇನ್ ಅಂಗಡಿನೋ, ಧರ್ಮಶಾಲೆನೋ?" ಎಂದು ನಕ್ಕು ಹೋದ. ಮಾಸ್ತರ ನಿದ್ದೆಯಲ್ಲಿದ್ದರು, ಕೇಳಿಸಿಕೊಂಡವನು ನಾನು. ಆ ಮಾತು ಮುಳ್ಳಿನಂತೆ ನಟ್ಟು ಕೂತಿತು.

ಅದೇ ವಾರ ಶಿವಲೀಲವ್ವ ಮಗಳು ನೀಲಗಂಗಾಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಕರಿಯ ಕೋಟಿನ ಬಟ್ಟೆ. ಶಿವಲೀಲವ್ವನ ಗಂಡ ಫಕೀರಪ್ಪ ಕೋರ್ಟಿನಲ್ಲಿ ಜವಾನನಾಗಿದ್ದ. ಮಗಳು ವಕೀಲಿಕೆ ಓದಲು ಸೇರಿದ ದಿನವೇ ಈ ಬಟ್ಟೆ ತಂದಿಟ್ಟಿದ್ದ. ಓದು ಮುಗಿಯುವ ಹೊತ್ತಿಗೆ ಅವನೇ ಇರಲಿಲ್ಲ.

"ಸೋಮವಾರ ಇಕಿ ಮೊದಲನೇ ಸಲ ಜಡ್ಜರ ಮುಂದ ನಿಲ್ಲತಾಳ್ರಿ ಮಾಸ್ತರ. ಅವರಪ್ಪ ತಂದಿಟ್ಟ ಅರಿವೀನ ಮೈಮ್ಯಾಲಿರಬೇಕು" ಎಂದಳು ಶಿವಲೀಲವ್ವ.

ಮಾಸ್ತರ ಅಳೆದು ನೋಡಿದರು. "ಅರಿವಿ ಒಂದ್ ಗೇಣ ಕಡಿಮಿ ಐತೆವ್ವಾ. ಇರಲಿ, ಹ್ಯಾಂಗರ ಮಾಡಿ ಕೂಡಸ್ತೀನಿ" ಎಂದರು. ಬಟ್ಟೆ ಸಾಕಷ್ಟಿದ್ದರೆ ಎರಡು ಪದರ ಮಡಚಿ ಕತ್ತರಿಸುತ್ತಾರೆ. ಎಡದ ತೋಳು, ಬಲದ ತೋಳು ತಾವಾಗಿ ಜೋಡಿಯಾಗಿ ಬರುತ್ತವೆ. ಕಡಿಮೆ ಬಿದ್ದಾಗ ಒಂದೊಂದನ್ನೇ ಬಿಡಿಯಾಗಿ ತೆಗೆಯಬೇಕು. ಎರಡನೆಯದಕ್ಕೆ ಅಳತೆ ಕಾಗದವನ್ನು ಮಗುಚಿ ಹಾಕಬೇಕು. ಅಷ್ಟೇ ಎಚ್ಚರ ಸಾಕು. ಅಷ್ಟು ಎಚ್ಚರ ಬೇಕೇ ಬೇಕು.

ಶನಿವಾರ ಮಧ್ಯಾಹ್ನ ಮಾಸ್ತರ ಎಂದಿನಂತೆ ಅಡ್ಡಾದರು. ನನ್ನ ಹಿಂಗಾಲಿನ ಸಂದು ಮೊದಲಿನಿಂದಲೂ ಸ್ವಲ್ಪ ಸಡಿಲು. ಬಿಗಿಹಿಡಿದರೆ ಸದ್ದಿಲ್ಲದೆ ಇರಬಲ್ಲೆ. ಅಷ್ಟು ವರ್ಷ ಇದ್ದೆ ಕೂಡ. ಅಂದು ಬೇಕೆಂದೇ ಬಿಟ್ಟುಕೊಟ್ಟೆ. ಅವರು ಮಗ್ಗುಲಾದರೆ ಕಿರ್ರ್. ಉಸಿರೆಳೆದರೆ ಕಿರ್ರ್. ರೆಪ್ಪೆ ಕೂಡಿದೊಡನೆ ಮತ್ತೆ ಕಿರ್ರ್. ಸತ್ಯ ಹೇಳುತ್ತೇನೆ, ನನಗೆ ಮಜವೆನಿಸಿತು.

"ಏನಾತಪ ಇವತ್ತ ಈ ಟೇಬಲ್ಲಿಗೆ?" ಎಂದು ಗೊಣಗಿ ಕಾಲಿಗೆ ಕಾಗದ ಮಡಚಿ ಕೊಟ್ಟರು. ನಾನು ಬಗ್ಗಲಿಲ್ಲ. ಅಷ್ಟರಲ್ಲಿ ಸ್ಟೋವಿನ ಪಂಪು ಕೇಳಿಸಿತು. ಸೋಮವಾರ ತಲೆಯ ಮೇಲಿತ್ತು. ಕೆಂಪು ಕಣ್ಣು ಉಜ್ಜಿಕೊಂಡು ಮಾಸ್ತರ ಕತ್ತರಿ ಹಿಡಿದರು.

ಕರಿಯ ಬಟ್ಟೆಗೆ ಮೇಲುಗಡೆ ಹೊಳಪು, ಒಳಗಡೆ ಮಂಕು; ಕತ್ತರಿಸಿದ ತುಂಡನ್ನು ತಿರುವಿ ಹೊಲಿಯುವಂತಿಲ್ಲ. ಮೊದಲ ತೋಳು ಸರಿಯಾಗಿ ಬಂತು. ಎರಡನೆಯದಕ್ಕೆ ಅವರು ಕಾಗದ ಮಗುಚಲಿಲ್ಲ. ನಾನು ನೋಡುತ್ತಲೇ ಇದ್ದೆ. ಕತ್ತರಿ ನನ್ನ ಮೈಗುಂಟ ಕರಕರ ಹೋಯಿತು. ಅಷ್ಟು ಹೊತ್ತು ಕಿರುಗುಟ್ಟಿದ ನನಗೆ ಆಗ ಒಂದು ಸದ್ದೂ ಹೊರಡಲಿಲ್ಲ.

ಎರಡೂ ಎಡಗೈ ತೋಳು. ಉಳಿದದ್ದು ಅಂಗೈಯಷ್ಟು ಚೂರು.

ಸಂಜೆ ತಾಯಿ ಮಗಳು ಬಂದಾಗ ಮಾಸ್ತರ ಎರಡು ತೋಳುಗಳನ್ನೂ ನನ್ನ ಮೇಲೆ ಹಾಸಿ ತೋರಿಸಿದರು. "ತಪ್ಪಾತವ್ವಾ. ಹೊಸಾ ಅರಿವಿ ತಂದು ಹೊಲದು ಕೊಡ್ತೀನಿ. ಇಕಿ ಅಪ್ಪ ತಂದದ್ದನ್ನಂತೂ ತಿರುಗಿ ಕೊಡಾಕ ನನ್ನ ಕೈಲಿ ಆಗೂದಿಲ್ಲ" ಎಂದು ಕೈಮುಗಿದರು. ನೀಲಗಂಗಾ ತೋಳಿನ ಬಟ್ಟೆಯನ್ನು ಸವರುತ್ತ ನಿಂತಳು. ಶಿವಲೀಲವ್ವ ತಡೆಯಲಾರದೆ, "ಮಂದಿ ಹೇಳಿದ್ದ ಖರೇನ ಆತು. ಹಗಲ ನಿದ್ದಿ ಹೊಡಿಯಾವ್ರ ಕೈಯಾಗ ಕೊಟ್ಟಿದ್ದ ನನ್ನ ತಪ್ಪ" ಎಂದು ಕಣ್ಣೊರೆಸಿಕೊಂಡು ಹೊರಟಳು.

ನಿದ್ದೆಯೇ ಬರಲಿಲ್ಲ ಎಂದು ಮಾಸ್ತರ ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡರು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? "ಮಲಗೋ ಮಾಸ್ತರ" ಎಂಬ ಹೆಸರೇ ಬಿತ್ತು. ಅಂದಿನಿಂದ ಅವರು ಹಗಲು ಕಣ್ಣು ಮುಚ್ಚಲಿಲ್ಲ. ಮಧ್ಯಾಹ್ನ ತೂಕಡಿಕೆ ಬಂದರೆ ಮುಖಕ್ಕೆ ನೀರು ಹೊಡೆದುಕೊಂಡು ಕೂರುತ್ತಿದ್ದರು. ಗೆರೆ ನಡುಗತೊಡಗಿತು. ಕೊರಳಪಟ್ಟಿ ಕಿರಿದಾಗುವುದು, ಕಿಸೆ ಸೊಟ್ಟಗಾಗುವುದು ಮಾಮೂಲಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ನಾನು ಮಾತ್ರ ಸಂದು ಬಿಗಿಹಿಡಿದು ದಿನಾ ಕಾಯುತ್ತಿದ್ದೆ, ಮಾಸ್ತರ ಒಮ್ಮೆ ಬಂದು ಮಲಗಲಿ ಎಂದು. ಅವರು ಬರಲಿಲ್ಲ.

ಈಗ ನಾನು ಇಸ್ತ್ರಿ ಅಂಗಡಿಯೊಂದರ ಹಿತ್ತಿಲಲ್ಲಿದ್ದೇನೆ. ಮೈ ಸೀಳಿದೆ, ಒಂದು ಮೂಲೆ ಸುಟ್ಟಿದೆ. ಉಂಡ ಮನೆಗೆ ಎರಡು ಬಗೆದವನಿಗೆ ಇದೇನು ದೊಡ್ಡ ಶಿಕ್ಷೆಯಲ್ಲ. ನನಗೆ ಇವತ್ತಿಗೂ ಸಹಿಸಲಾಗದ್ದು ನನ್ನನ್ನು ಮಾರಿದ ದಿನದ ಮಾತು. ಇಸ್ತ್ರಿಯವನು ನನ್ನನ್ನು ಅಲುಗಾಡಿಸಿ, "ಗಟ್ಟಿ ಐತೇನ್ರಿ?" ಎಂದು ಕೇಳಿದ. ಮಾಸ್ತರ ಹೆಗಲ ಮೇಲಿನ ವಸ್ತ್ರದಿಂದ ನನ್ನ ಮೈ ಒರೆಸಿ ಹೇಳಿದರು:

"ಚಿಂತಿ ಬ್ಯಾಡ, ತಗೊಂಡ ಹೋಗು. ತಪ್ಪ ಆಗಿದ್ದೆಲ್ಲ ನನ್ನಿಂದನ. ಇದು ಒಂದ ದಿನಾನೂ ನನಗ ಮೋಸಾ ಮಾಡಿಲ್ಲ."