ಸಾಹುಕಾರರ ಬಟ್ಟಲು

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಅಂಜನಾಳ ಕೆಲಸ ಕೇಳಿದರೆ ಬಲು ಸುಲಭ: ನೆನೆಹಾಕಿದ ಭತ್ತದ ತೊಟ್ಟಿಯಿಂದ ಹೊತ್ತಿಗೆ ಸರಿಯಾಗಿ ನೀರು ಬಿಡುವುದು. ಹೊತ್ತು ಮೀರಿತೋ, ಭತ್ತ ಹುಳಿವಾಸನೆ ಹೊಡೆಯುತ್ತದೆ. ಆ ಅಕ್ಕಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಹೋದ ವಾರ ಒಂದು ತೊಟ್ಟಿ ಹಾಗೆ ಕೆಟ್ಟಿತು. "ಇನ್ನೊಂದು ಕೆಡಸಿದ್ರ ಕುರುಗೋಡು ಬಸ್ ಹತ್ತಿ ಮನಿಗೆ ಹೋಗಿಬಿಡವ್ವಾ," ಎಂದಿದ್ದರು ಸಾಹುಕಾರ ವಿರೂಪಾಕ್ಷಪ್ಪ. ಅಂದಿನಿಂದ ಅವಳಿಗೆ ಉಂಡದ್ದು ಮೈಗೆ ಹತ್ತಿಲ್ಲ.

ಸೋಮಾರಿಯೇನಲ್ಲ ಹುಡುಗಿ! ಯಾರು ಕೂಗಿದರೂ "ಬಂದೆರೀ" ಎಂದು ಎದ್ದೋಡುವುದೇ ಅವಳ ರೋಗ. ಹೊತ್ತೆಲ್ಲ ಎಲ್ಲಿ ಸೋರಿಹೋಗುತ್ತಿದೆ ಎಂದು ತಿಳಿಯಲು ಗಿರಣಿ ಆಫೀಸಿನ ತನ್ನ ಮೇಜಿನ ಮೇಲೆ ಮೂರು ಬಟ್ಟಲಿಟ್ಟಳು: ಲಾರಿಯವರದು, ತನ್ನ ಫೋನಿನದು, ಸಾಹುಕಾರರದು. ಯಾರಿಗಾಗಿ ಕೆಲಸ ಬಿಟ್ಟು ಎದ್ದಳೋ ಅವರ ಬಟ್ಟಲಿಗೆ ಒಂದು ಕಾಳು ಭತ್ತ. ಫೋನಿನ ಬಟ್ಟಲೇ ತುಂಬೀತು ಎಂದು ಹೆದರಿದ್ದಳು. ತುಂಬಿದ್ದು ಸಾಹುಕಾರರದು. ಚಾ ಹೇಳು, ಫ್ಯಾನ್ ಹಾಕು, ನನ್ನ ಕನ್ನಡಕ ಎಲ್ಲೈತಿ ನೋಡು! ಅಯ್ಯೋ ಶಿವನೇ, ಇದನ್ನು ಯಾವ ಬಾಯಿಂದ ಹೇಳುವುದು?

ಹೇಳುವ ಮೊದಲೇ ಬಟ್ಟಲುಗಳು ಸಾಹುಕಾರರ ಕಣ್ಣಿಗೆ ಬಿದ್ದವು.

"ಏನಿದು, ದೇವರಿಗೆ ಎಡಿ ಇಟ್ಟಂಗ ಇಟ್ಟೀದಿ?"

ಅಂಜನಾ ತುಂಬಿದ ಬಟ್ಟಲನ್ನು ಮುಂದೆ ಸರಿಸಿದಳು. "ಯಾರ್ಯಾರ ಸಲುವಾಗಿ ಏಳ್ತೀನಿ ಅಂತ ನೋಡಾಕ್ರಿ. ಈ ತುಂಬಿದ್ದು... ನಿಮ್ಮದ್ರಿ."

"ನಂದಾ? ಉಂಡ ಮನಿ ಜಂತಿ ಎಣಸ್ತೀಯೇನು?" ಅವರ ಮುಖ ಕೆಂಪಾಯಿತು.

ಮುಗೀತು ನನ್ನ ಕೆಲಸ ಅಂದುಕೊಂಡಳು. ಗೋಡೆಯ ಗಡಿಯಾರ ನೋಡಿದರೆ ತೊಟ್ಟಿಯ ಹೊತ್ತಾಗಿಬಿಟ್ಟಿದೆ. ತೊಟ್ಟಿಯತ್ತ ಓಡಿದಳು.

"ಅಂಜನಾ! ಏ ಅಂಜನಾ!" ಹಿಂದಿನಿಂದ ಕೂಗು.

ತುಟಿಗೆ ಬಂದ "ಬಂದೆರೀ"ಯನ್ನು ನುಂಗಿಕೊಂಡಳು. ಕೆಲಸ ಹೋದರೆ ಹಾಳಾಗಿ ಹೋಗಲಿ, ತೊಟ್ಟಿ ಕೆಡಬಾರದು. ವಾಲ್ವ್ ತಿರುಗಿಸಿ, ನೀರೆಲ್ಲ ಬಸಿದ ಮೇಲೆ ಹಿಡಿ ಭತ್ತ ಎತ್ತಿ ಮೂಸಿದಳು. ಹುಳಿಯಿಲ್ಲ. ಅವಳಿಗೆ ಅಳುವೇ ಬಂತು.

ವಾಪಸ್ ಬಂದಾಗ ವಿರೂಪಾಕ್ಷಪ್ಪ ಅವಳ ಮೇಜಿನ ಬಳಿಯೇ ನಿಂತಿದ್ದರು, ಬೆರಳ ಸಂದಿಯಲ್ಲಿ ಒಂದು ಕಾಳು ಭತ್ತ.

"ಕರದೆ. ನೀ ಬರಲಿಲ್ಲ."

"ತೊಟ್ಟಿ ಹೊತ್ತಾಗಿತ್ರಿ."

"ಭತ್ತ ಹೆಂಗೈತಿ?"

"ಚಲೋ ಐತ್ರಿ. ವಾಸನಿ ಇಲ್ರಿ."

ಅವರು ಕಾಳನ್ನೇ ನೋಡಿದರು. "ಇದನ್ನ ನಾ ಕರದದ್ದಕ್ಕ ಹಾಕಬೇಕೋ, ನೀ ಎದ್ದು ಬಂದದ್ದಕ್ಕೋ?"

"ಬಂದದ್ದಕ್ಕಷ್ಟ ರೀ."

"ಹಂಗಾರ ಇದು ಬ್ಯಾಡ." ಕಾಳನ್ನು ಮೂಲೆಯಲ್ಲಿದ್ದ ಭತ್ತದ ಚೀಲಕ್ಕೆ ಎಸೆದು ಬಾಗಿಲ ಕಡೆ ನಡೆದರು. "ನೀ ಕುಂದರು. ಚಾ ನಾನ ಹೇಳಿ ಬರ್ತೀನಿ. ನಿನಗೂ ಸೇರಿ."