ಕುಲಾಳ ಕಿವಿಯಲ್ಲಿ

ನನ್ನ ಅಜ್ಜಿ ಬಲ್ಜಾನ್‌ಳ ಕಥೆಗಳಲ್ಲಿ ಕುದುರೆಗಳೆಲ್ಲ ಗಾಳಿಯಿಂದ ಹುಟ್ಟಿದವು. ಬಯಲಿನಲ್ಲಿ ಅಲೆಯುತ್ತಿದ್ದ ಒಂದು ಗಾಳಿಗೆ ಮನುಷ್ಯರ ಒಲೆಯ ಹೊಗೆ ಇಷ್ಟವಾಗಿ ಅಲ್ಲೇ ನಿಂತುಬಿಟ್ಟಿತಂತೆ. ನಿಂತ ಗಾಳಿಗೆ ಮೊದಲು ಮೈ ಬಂತು, ಆಮೇಲೆ ಕಾಲು, ಕೊನೆಗೆ ಕತ್ತಿನ ಕೂದಲು. ಅದಕ್ಕೇ ಕುದುರೆ ಎಷ್ಟೇ ಸುಮ್ಮನೆ ನಿಂತರೂ ಅದರ ಕಿವಿ ಮಾತ್ರ ಎಲ್ಲಿಗೋ ಹೊರಟ ಹಾಗೆ ಅಲ್ಲಾಡುತ್ತಿರುತ್ತದೆ. ಈ ಕಥೆಯನ್ನು ನಾನು ಎಷ್ಟು ನಂಬಿದ್ದೆನೆಂದರೆ, ನಮ್ಮ ಕುಲಾಳ ಹೊಟ್ಟೆಗೆ ಕಿವಿಯಿಟ್ಟು ಒಳಗೆ ಗಾಳಿ ಬೀಸುವುದನ್ನು ಕೇಳುತ್ತಿದ್ದೆ. ಕೇಳುತ್ತಿತ್ತು ಕೂಡ.

ಕುಲಾ ನಮ್ಮ ಹೆಣ್ಣುಕುದುರೆ. ಒಣಹುಲ್ಲಿನ ಬಣ್ಣ, ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ. ಮೊದಲ ಮೊಮ್ಮಗು ಅಜ್ಜಿಯ ಪಾಲು ಎನ್ನುವ ನಮ್ಮ ಪದ್ಧತಿಯಂತೆ ನಾನು ಅಪ್ಪ ಅಮ್ಮನ ಬಳಿ ಇರದೆ, ತರ್ಬಗತಾಯ್ ಬೆಟ್ಟದ ತಪ್ಪಲಿನ, ಕುದುರೆ ಸಾಕುವವರ ಒಂದು ಹಳ್ಳಿಯಲ್ಲಿ ಅಜ್ಜಿಯ ಮಡಿಲಲ್ಲೇ ಬೆಳೆದೆ. ಹಾಗಾಗಿ ಹುಳಿ ಹಿಡಿದ ಕುದುರೆಹಾಲು ಎಂದರೆ ನನಗೆ ಕುಲಾಳ ಹಾಲೇ. ಅಜ್ಜಿ ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದರ ಮೇಲೆ ಬಕೆಟ್ಟಿಟ್ಟುಕೊಂಡು ಹಾಲು ಕರೆಯುತ್ತಿದ್ದರೆ, ಮರಿಯ ಕೊರಳು ಹಿಡಿದು ತಾಯಿಯ ಮುಂದೆ ನಿಲ್ಲಿಸುವುದು ನನ್ನ ಕೆಲಸ. ಹಾಲಿನ ಸದ್ದು, ಕಾಡುಪುದೀನಾ ವಾಸನೆ, ಅಜ್ಜಿಯ ಬಿಳಿ ತಲೆವಸ್ತ್ರ. ಈಗಲೂ ಕಣ್ಣು ಮುಚ್ಚಿದರೆ ಆ ಬೇಸಿಗೆಯ ಬೆಳಗುಗಳು ಹಾಗೇ ಇವೆ, ಯಾರೂ ಮುಟ್ಟದೆ.

ನನಗೆ ಒಂಬತ್ತಾದ ವರ್ಷ, ಅಂದರೆ ಕುಲಾ ಮರಿ ಹಾಕುವುದನ್ನು ನಿಲ್ಲಿಸಿ ಮೂರನೇ ವರ್ಷ, ಮೊದಲ ಹಿಮ ಬಿದ್ದಾಗ ದೊಡ್ಡಪ್ಪ ತೋಕ್ತಾರ್ ಅವಳ ಕತ್ತಿನ ಬುಡಕ್ಕೆ ಕೈಯೊತ್ತಿ ನೋಡಿದ. ಕೊಬ್ಬು ಎಷ್ಟು ಬೆರಳು ದಪ್ಪವಿದೆ ಎಂದು ನೋಡುವ ರೀತಿ ಅದು.

"ಈ ವರ್ಷದ ಸೋಗಿಮ್‌ಗೆ ಇವಳೇ ಆಗ್ಲಿ ಅಮ್ಮ," ಎಂದ.

ಸೋಗಿಮ್ ಎಂದರೆ ಚಳಿಗಾಲಕ್ಕೆಂದು ಪ್ರತಿ ಮನೆಯೂ ಕಡಿಯುವ ಕುದುರೆ. ಅಲ್ಲಿಯವರೆಗೆ ನಾನೂ ಪ್ರತಿವರ್ಷ ಬೆರಳು ಚೀಪಿ ತಿಂದಿದ್ದೆ. ಆದರೆ ಆ ಕುದುರೆಗಳಿಗೆ ಹೆಸರಿರಲಿಲ್ಲ, ನಾನು ಅವುಗಳ ಹೊಟ್ಟೆಗೆ ಕಿವಿಯಿಟ್ಟಿರಲಿಲ್ಲ.

ಅಜ್ಜಿ ಚಹಾಕ್ಕೆ ಹಾಲು ಬೆರೆಸುತ್ತ, "ಅವಳ ಹಲ್ಲು ಸವೆದಿದೆ," ಎಂದಳು, ಅಷ್ಟೇ.

"ಅದಕ್ಕೇ ಹೇಳಿದ್ದು. ಹಿಮ ಕೆರೆದು ಹುಲ್ಲು ತಿನ್ನೋಕೆ ಆಗಲ್ಲ ಅವಳಿಗೆ. ಕೊಟ್ಟಿಗೆಲಿ ಕಟ್ಟಿ ಹಾಕೋಣ ಅಂದ್ರೆ ಇರೋ ಹುಲ್ಲು ಹಸುಗಳಿಗೇ ಸಾಲದು. ಮಾರ್ಚ್‌ ಹೊತ್ತಿಗೆ ತೋಳ ತಿನ್ನುತ್ತೆ. ನಾವು ತಿನ್ನೋದಾ, ತೋಳ ತಿನ್ನೋದಾ, ನೀನೇ ಹೇಳು."

ಅಜ್ಜಿ ಚಹಾದ ಬಟ್ಟಲನ್ನು ಅವನ ಮುಂದಿಟ್ಟಳು. ಅವಳು ಹೇಳದೆ ಏನೂ ನಡೆಯುವ ಹಾಗಿರಲಿಲ್ಲ. ಕಡಿಯುವ ಮೊದಲು ಕುದುರೆಯ ಕಿವಿಯಲ್ಲಿ ಎರಡು ಮಾತು ಹೇಳಬೇಕು: ನಿನ್ನದೇನೂ ತಪ್ಪಿಲ್ಲ, ನಮಗೆ ಬೇರೆ ಆಹಾರವಿಲ್ಲ. ಬೇರೆ ಮನೆಗಳಲ್ಲಿ ಕಡಿಯುವವನೇ ಗೊಣಗಿ ಮುಗಿಸುತ್ತಿದ್ದ. ನಮ್ಮಲ್ಲಿ ಮಾತ್ರ ಸಾಕಿದವರೇ ಹೇಳಬೇಕು. ಕುಲಾಳನ್ನು ಸಾಕಿದವಳು ಅಜ್ಜಿ.

ಮರುದಿನ ಮಧ್ಯಾಹ್ನ ಅವಳು ಒಲೆಗೆಂದು ರಾಶಿಯಿಂದ ಒಣಗಿದ ಸಗಣಿ ಆರಿಸುತ್ತಿದ್ದಾಗ ನಾನು ಅವಳ ನಿಲುವಂಗಿಯ ಅಂಚು ಹಿಡಿದೆ.

"ಅಜ್ಜಿ, ಕುಲಾನ ಬಿಟ್ಬಿಡು ಅಂತ ದೊಡ್ಡಪ್ಪಂಗೆ ಹೇಳು."

ಅಜ್ಜಿ ಬೆನ್ನು ನೆಟ್ಟಗೆ ಮಾಡಿ ನಿಂತಳು. "ನನ್ನಪ್ಪ ಕೊನೇ ಕುದುರೆ ಕಡಿದಾಗ ನಂಗೆ ಆರು ವರ್ಷ," ಎಂದಳು. "ದೊಡ್ಡ ಹಸಿವಿನ ವರ್ಷ ಅದು. ಅಕ್ಕಪಕ್ಕದ ಗುಡಾರಗಳಲ್ಲಿ ಹೊಗೆಯೇ ನಿಂತುಹೋಗಿತ್ತು. ಅಪ್ಪ ಅದರ ಕಿವಿಲಿ ಎರಡೂ ಮಾತು ಹೇಳ್ದ. ಎರಡೂ ನಿಜ. ಅದಕ್ಕೇ ನಾನು ಇದೀನಿ, ನೀನೂ ಇದೀಯ." ಇನ್ನೊಂದು ಸಗಣಿತುಂಡನ್ನು ಚೀಲಕ್ಕೆ ಹಾಕಿ ಮುಂದುವರಿಸಿದಳು, "ಈಗ ಅಂಗಡಿಲಿ ಹಿಟ್ಟಿದೆ. ಎಲ್ಲಿಂದಲೋ ಹಡಗಲ್ಲಿ ಬಂದ ಕೋಳಿಕಾಲೂ ಇದೆ. ಕುಲಾಗೆ ನಾನು ಸುಳ್ಳು ಹೇಳಲ್ಲ ಕಣೇ ಮರಿ."

ನಮ್ಮಲ್ಲಿ ಮಕ್ಕಳನ್ನು ಮುದ್ದಿಗೆ ಕುದುರೆಮರಿ ಎನ್ನುತ್ತಾರೆ. ಆ ಮಾತು ಕೇಳಿ ನಾನು ನಿಜವಾಗಿ ಮರಿಯ ಹಾಗೇ ಕುಣಿದೆ. ಸುಳ್ಳು ಹೇಳುವುದಿಲ್ಲ ಎಂದರೆ ಏನೂ ಹೇಳುವುದಿಲ್ಲ, ಹೇಳದಿದ್ದರೆ ಕಡಿಯುವ ಹಾಗಿಲ್ಲ. ಕುಲಾ ಉಳಿದಳು. ಕೊಟ್ಟಿಗೆಗೆ ಓಡಿ ಅವಳಿಗೇ ಹೋಗಿ ಹೇಳಿಬಂದೆ, "ನಿನ್ನ ಬಿಟ್ಟಿದಾರೆ," ಎಂದು.

ಆ ಶನಿವಾರ ಜುಮಗಾಜಿ ತಾತ ಬಂದ. ಇಡೀ ಹಳ್ಳಿಯ ಕುದುರೆಗಳನ್ನು ಕಡಿಯುವವನು ಅವನು. ಅಜ್ಜಿಗೆ ಮೈದುನನಾಗಬೇಕು, ಹಾಗಾಗಿ ಗೇಲಿ ಮಾಡುವ ಹಕ್ಕೂ ಇತ್ತು. ಕುದುರೆಗೆ ಕಾಣಬಾರದೆಂದು ಚಾಕುವನ್ನು ತೋಳಿನೊಳಗೆ ಇಟ್ಟುಕೊಂಡಿದ್ದ.

"ಏನತ್ತಿಗೆ, ಹೋದ ವರ್ಷಕ್ಕಿಂತ ಚಿಕ್ಕವರಾಗಿ ಕಾಣ್ತೀರಿ. ಕೆನೆ ಎಲ್ಲ ನೀವೇ ತಿಂತೀರೇನು?"

"ನಿನಗಿಟ್ಟರೆ ಉಳಿಯುತ್ತಾ? ಹಲ್ಲಿಲ್ಲದಿದ್ರೂ ಹೊಟ್ಟೆ ಒಂದಿದೆ. ಬಾ, ಚಹಾ ಕುಡಿ ಮೊದಲು."

ಅವರಿಬ್ಬರೂ ನಗುವುದನ್ನು ನೋಡಿ ನಾನೂ ನಕ್ಕೆ. ತಾತ ಸುಮ್ಮನೆ ಚಹಾಕ್ಕೆ ಬಂದಿದ್ದಾನೆ ಎಂದುಕೊಂಡೆ. ದೊಡ್ಡಪ್ಪ ಅಂಗಳದಲ್ಲಿ ಹಿಮ ಗುಡಿಸಿ, ಹಗ್ಗ ತಂದು, ಕುಲಾಳನ್ನು ಕೊಟ್ಟಿಗೆಯಿಂದ ಬಿಚ್ಚಿದಾಗಲಷ್ಟೇ ತಾತ ಬಂದದ್ದು ಯಾತಕ್ಕೆಂದು ನನಗೆ ತಿಳಿಯಿತು.

ಅಜ್ಜಿ ಒಳಗಿನಿಂದ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದಳು. ಕುಲಾಳ ಕತ್ತು ತಬ್ಬಿ, ಕಿವಿಗೆ ಬಾಯಿಟ್ಟು ಮಾತಾಡತೊಡಗಿದಳು. ಎರಡು ಮಾತಿಗೆ ಎಷ್ಟು ಹೊತ್ತು ಬೇಕು? ಒಂದು ಉಸಿರು. ಅಜ್ಜಿ ಮಾತಾಡುತ್ತಲೇ ಇದ್ದಳು. ಕುಲಾಳ ಕಿವಿ ಒಮ್ಮೆ ಅವಳ ಕಡೆಗೆ, ಒಮ್ಮೆ ಬೆಟ್ಟದ ಕಡೆಗೆ ತಿರುಗುತ್ತಿತ್ತು. ಜುಮಗಾಜಿ ತಾತ ಕೈ ಉಜ್ಜಿಕೊಂಡ, ಕಾಲು ಬದಲಿಸಿದ. ಒಲೆಯ ಮೇಲಿಟ್ಟಿದ್ದ ನೀರು ಕುದಿದು ಉಕ್ಕಿತೆಂದು ದೊಡ್ಡಮ್ಮ ಒಳಗಿಂದ ಕೂಗಿದಳು. ಆಗಲೂ ಅಜ್ಜಿ ಮಾತಾಡುತ್ತಿದ್ದಳು.

"ಅತ್ತಿಗೆ, ಕುದುರೆಗೆ ಕಥೆ ಹೇಳ್ತಿದೀರೇನು?" ತಾತ ಕೇಳಿದ. ಈ ಸಲ ದನಿಯಲ್ಲಿ ಗೇಲಿ ಕಡಿಮೆಯಿತ್ತು.

ಅಜ್ಜಿ ತಲೆಯೆತ್ತಿದಳು. "ಆಯ್ತು. ಹೇಳ್ದೆ."

"ಏನು ಹೇಳಿದ್ರಿ?"

"ನಿನ್ನದೇನೂ ತಪ್ಪಿಲ್ಲ ಅಂತ. ನಮಗೆ ಬೇರೆ ಊಟ ಇದೆ, ಆದ್ರೂ ಕಡಿತಾ ಇದೀವಿ ಅಂತ. ಯಾಕೆ ಅಂತಲೂ ಹೇಳಿದೆ. ಹಲ್ಲು, ಹುಲ್ಲು, ತೋಳ. ನನ್ನ ಮಗನಿಗೆ ಕುದುರೆಮಾಂಸ ಇಲ್ಲದೆ ಚಳಿಗಾಲ ಚಳಿಗಾಲ ಅನ್ಸಲ್ಲ ಅಂತಲೂ ಹೇಳಿದೆ."

ತಾತ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಹಗ್ಗ ನೋಡಿಕೊಂಡ. ನಲವತ್ತು ವರ್ಷದಿಂದ ಕಡಿಯುತ್ತಿದ್ದ ಆ ಮುದುಕನಿಗೆ ಇಂಥದ್ದು ಎದುರಾಗಿರಲಿಲ್ಲ.

"ಹೀಗೆ ಹೇಳಿದ್ರೆ ನಡೆಯುತ್ತಾ ಅತ್ತಿಗೆ? ಒಪ್ತಾ ಅದು?"

"ಇಲ್ಲ," ಎಂದಳು ಅಜ್ಜಿ. "ಕುದುರೆ ಯಾಕೆ ಒಪ್ಪುತ್ತೆ? ಅವತ್ತು ನನ್ನಪ್ಪನ ಕುದುರೆನೂ ಒಪ್ಪಿರ್ಲಿಲ್ಲ. ನೀನು ಕೆಲಸ ಮಾಡು ಮೈದುನ. ತಪ್ಪು ನಿನ್ನದಲ್ಲ, ನನ್ನ ಲೆಕ್ಕಕ್ಕಿರ್ಲಿ."

ನಾನು ಓಡಿಹೋಗಿ ಕುಲಾಳ ಕಾಲನ್ನು ತಬ್ಬಿಕೊಂಡೆ. "ಸುಳ್ಳು ಹೇಳಲ್ಲ ಅಂದೆ ನೀನು," ಎಂದು ಅಜ್ಜಿಗೆ ಹೇಳಿದೆ.

"ಹೇಳ್ಲಿಲ್ಲ ಮರಿ."

ನಾನು ಹೇಳಿದ್ದೆ. ಆ ಅಂಗಳದಲ್ಲಿ ಕುಲಾಳಿಗೆ ಸುಳ್ಳು ಹೇಳಿದವಳು ನಾನೊಬ್ಬಳೇ. ಅದು ಆಗ ತಿಳಿದು, ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು. ದೊಡ್ಡಮ್ಮ ನನ್ನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಹೊರಗಿನಿಂದ ಏನೂ ಕೇಳಿಸಲಿಲ್ಲ. ಹಿಮ ಎಲ್ಲ ಸದ್ದನ್ನೂ ನುಂಗುವ ದಿನವಾಗಿತ್ತು ಅದು.

ಭಾನುವಾರ ನೆರೆಯವರನ್ನೆಲ್ಲ ಊಟಕ್ಕೆ ಕರೆದರು. ದೊಡ್ಡ ತಟ್ಟೆಯಲ್ಲಿ ಅಗಲ ಹಿಟ್ಟಿನ ಹಾಳೆಗಳು, ಮೇಲೆ ಮಾಂಸ, ಕರುಳಿನಲ್ಲಿ ತುಂಬಿ ಬೇಯಿಸಿದ ಪಕ್ಕೆಲುಬು, ಈರುಳ್ಳಿಯ ಸಾರು. ಎಲ್ಲರೂ ಅಜ್ಜಿಯ ಕೈಯನ್ನೇ ನೋಡುತ್ತಿದ್ದರು. ಅವಳು ತಿನ್ನಲಾರಳು ಎಂದುಕೊಂಡಿದ್ದರು, ನಾನೂ ಹಾಗೇ ಎಂದುಕೊಂಡಿದ್ದೆ.

ಅಜ್ಜಿ ತಿಂದಳು. ಅವಸರವಿಲ್ಲದೆ, ಎರಡೂ ಕಡೆ ಅಗಿದು ತಿಂದಳು.

"ಹೇಗೆ ತಿಂತೀಯ?" ನಾನು ಪಿಸುಗುಟ್ಟಿದೆ.

"ತಿನ್ನೋಕೇ ಕಡಿತೀವಿ ಅಂತ ಅವಳಿಗೆ ಹೇಳಿದೀನಿ. ಈಗ ತಿನ್ನದೆ ಎದ್ದರೆ ಅವಳು ಯಾತಕ್ಕೆ ಹೋದ್ಲು?"

ನನ್ನ ಮುಂದೆ ಒಂದು ತುಂಡಿತ್ತು. ಎಲ್ಲರೂ ಹರಟುವಾಗ, ತುಂಬ ಹೊತ್ತಿನ ಮೇಲೆ, ಅದನ್ನು ಬಾಯಿಗಿಟ್ಟುಕೊಂಡೆ. ಬೆಚ್ಚಗಿತ್ತು, ಸ್ವಲ್ಪ ಸಿಹಿಯಿತ್ತು. ಗಾಳಿಯ ರುಚಿ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಾಯಿ ಅಗಿಯುತ್ತಲೇ ಇತ್ತು. ಆ ಬಾಯಿಯ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು.

"ಚೆನ್ನಾಗಿದೆ," ಎಂದೆ. ಏನು ಮಾಡಲಿ, ಚೆನ್ನಾಗಿತ್ತು.

ಅಜ್ಜಿ ತನ್ನ ತಲೆವಸ್ತ್ರದ ಅಂಚಿನಿಂದ ನನ್ನ ಮುಖ ಒರೆಸಿದಳು.

"ನೀನು ಅಳ್ತೀಯ ಅಂತ ಅವಳಿಗೆ ಹೇಳಿದ್ದೆ," ಎಂದಳು. "ಅತ್ತು ಆಮೇಲೆ ತಿಂತೀಯ ಅಂತಲೂ ಹೇಳಿದ್ದೆ."